ಒಂದೇ ದಪ್ಪ ತುಂಡು, ಎರಡು ತಟ್ಟೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟೀಕ್, ಅಂದರೆ ಹುರಿದು ತಿನ್ನುವ ಬೀಫ್ ತುಂಡಿನ ಬಗ್ಗೆಯೇ ಇವೆ. ಅದೂ ಮನೆಯಲ್ಲಿ, ಇಬ್ಬರಿಗೆ ಮಾತ್ರ ಅಂತ ಮಾಡುವ ಊಟದ ಬಗ್ಗೆ. ಹದಿನಾರು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ಗ್ರಿಲ್ ಮುಂದೆ ನಿಂತವಳು ನಾನು. ಈ ವಿಷಯ ಬಂದರೆ ನನ್ನ ಮಾತು ಉದ್ದವಾಗುತ್ತದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಪೂರ್ತಿ ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬುತ್ತಿದೆ. ಹೊರಗೆ ಹೋಗೋದು ಬೇಡ, ನಾನೇ ಸ್ಟೀಕ್ ಮಾಡಿ ಹೆಂಡತಿಗೆ ಬಡಿಸಬೇಕು ಅಂತ ಆಸೆ. ಮೊಟ್ಟೆ, ಪಾಸ್ತಾ ಬಿಟ್ಟರೆ ನನಗೆ ಹೆಚ್ಚು ಅಡುಗೆ ಬರೋದಿಲ್ಲ. ಅಭ್ಯಾಸಕ್ಕೆ ಅಂತ ಒಂದೂವರೆ ಸೆಂಟಿಮೀಟರ್ ದಪ್ಪದ ಎರಡು ತುಂಡು ತಂದು, ತೊಳೆದು, ಬೆಣ್ಣೆಯಲ್ಲಿ ಹುರಿದೆ. ಹೊರಗೆ ಬೂದುಬಣ್ಣ, ಒಳಗೆ ರಬ್ಬರ್, ಮನೆ ತುಂಬಾ ಹೊಗೆ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ನಿಮ್ಮ ಕೈಗಿಂತ ನೀವು ತಂದ ತುಂಡಿನ ತಪ್ಪೇ ದೊಡ್ಡದು. ಅಷ್ಟು ತೆಳುವಾದದ್ದು ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಬೆಂದು ಮುಗಿದಿರುತ್ತದೆ. ಕೈ ಪಳಗಿದವರಿಗೂ ಅದನ್ನು ಹದಕ್ಕೆ ಹಿಡಿಯೋದು ಕಷ್ಟ.

ಇಬ್ಬರಿಗೆ ಅಂದರೆ ಎರಡು ತುಂಡು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಹೇಳೋದು ಒಂದೇ ತುಂಡು. ದಪ್ಪ 4 ಸೆಂ.ಮೀ., ಮೂಳೆ ಇಲ್ಲದ್ದಾದರೆ ತೂಕ 500ರಿಂದ 600 ಗ್ರಾಂ. ಅದನ್ನು ಮಾಡಿ, ಕತ್ತರಿಸಿ, ಹಂಚಿಕೊಂಡು ತಿನ್ನಿ. ರಿಬ್‌ಐ ಕೇಳಿ, ಅದು ಪಕ್ಕೆಲುಬಿನ ಭಾಗದ ಮಾಂಸ. ಅದರಲ್ಲಿ ಮಾಂಸದ ನಡುನಡುವೆ ಕೊಬ್ಬಿನ ಬಿಳಿ ಗೆರೆಗಳು ಹರಡಿಕೊಂಡಿರುತ್ತವೆ. ಆ ಕೊಬ್ಬು ಕರಗಿ ರುಚಿ ಕೊಡುತ್ತದೆ. ಒಂದೆರಡು ನಿಮಿಷ ಹೆಚ್ಚು ಬೆಂದರೂ ತಿನ್ನುವಾಗ ಒಣಒಣ ಅನ್ನಿಸೋದಿಲ್ಲ. ಟೆಂಡರ್‌ಲಾಯ್ನ್ (ಸೊಂಟದ ಒಳಭಾಗದ ಮಾಂಸ) ಇದಕ್ಕಿಂತ ಮೆತ್ತಗೆ ನಿಜ, ಆದರೆ ಕೊಬ್ಬು ಕಮ್ಮಿ. ಕೈ ಕುದುರುವ ತನಕ ರಿಬ್‌ಐ ಸಾಕು.

ಒಂದೇ ತುಂಡು ಅಂತ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಮದುವೆಯಾದ ಮೊದಲ ವರ್ಷ ನಮ್ಮ ಮನೆಯವರ ಹುಟ್ಟುಹಬ್ಬಕ್ಕೆ ನಾನೂ ಎರಡು ತೆಳು ತುಂಡು ತಂದಿದ್ದೆ. ಮನೆಯಲ್ಲಿದ್ದ ಬಾಣಲೆ ಚಿಕ್ಕದು. ಒಂದಾದ ಮೇಲೆ ಒಂದು ಹುರಿಯಬೇಕಾಯಿತು. ಅವರದ್ದು ಬಡಿಸಿ, ನನ್ನದನ್ನು ಹುರಿಯಲು ನಿಂತೆ. ಅವರು ಫೋರ್ಕ್ ಮುಟ್ಟಲೇ ಇಲ್ಲ. "ನೀನು ಬಾ, ಆಮೇಲೆ ತಿಂತೀನಿ" ಅಂತ ಕೂತೇ ಇದ್ದರು. ನಾನು ತಟ್ಟೆ ಹಿಡಿದು ಬರುವ ಹೊತ್ತಿಗೆ ಅವರ ತಟ್ಟೆಯ ಅಂಚಿನಲ್ಲಿ ಬೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ಇಬ್ಬರ ಊಟಕ್ಕೆ ನಾನು ಮೊದಲು ನೋಡೋದು ಇದನ್ನೇ: ಅಡುಗೆ ಮಾಡಿದವರೂ ಜೊತೆಯಲ್ಲೇ ಕೂತು ಬಿಸಿಬಿಸಿ ಉಣ್ಣೋದಕ್ಕೆ ಆಗುತ್ತಾ? ನಿಮಗೆ ಈಗ ಹೇಳುವ ವಿಧಾನವನ್ನೂ ಅದಕ್ಕೇ ಆರಿಸಿದ್ದೇನೆ.

ಎರಡನೇ ತಪ್ಪು ನೀರಿನದು. ಮಾಂಸವನ್ನು ತೊಳೆಯಬೇಡಿ. ತೊಳೆದರೆ ಸ್ವಚ್ಛವಾಗೋದಿಲ್ಲ, ಅದರಲ್ಲಿರುವ ಸೂಕ್ಷ್ಮಾಣುಗಳು ಸಿಂಕಿಗೆ, ಪಕ್ಕದ ಪಾತ್ರೆಗಳಿಗೆ ಸಿಡಿಯುತ್ತವೆ ಅಷ್ಟೆ. ಜೊತೆಗೆ ಮೇಲ್ಮೈ ಒದ್ದೆಯಾಗುತ್ತದೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮೇಲ್ಮೈಯಲ್ಲಿ ನೀರಿರುವ ತನಕ ಅಲ್ಲಿನ ಬಿಸಿ ಅದಕ್ಕಿಂತ ಮೇಲೆ ಏರೋದಿಲ್ಲ. ಆ ಕಂದು ಬಣ್ಣ, ಆ ಘಮ ಚೆನ್ನಾಗಿ ಏಳೋದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಮಾಂಸದಲ್ಲಿರುವ ಅಮೈನೋ ಆಮ್ಲ ಮತ್ತು ಸಕ್ಕರೆ ಅಂಶ ಬಿಸಿಗೆ ಸೇರಿಕೊಂಡು ಆಗುವ ಬದಲಾವಣೆ ಅದು. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀ ಮಯ್ಯಾರ್ 1912ರಲ್ಲಿ ಅದನ್ನು ವಿವರಿಸಿದ್ದರಿಂದ ಮಯ್ಯಾರ್ ಕ್ರಿಯೆ ಅಂತಲೇ ಹೆಸರು. ಒದ್ದೆ ಮಾಂಸ ಹುರಿಯೋದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ನಿಮ್ಮ ಬೂದುಬಣ್ಣ ಬಂದದ್ದು ಅಲ್ಲಿಂದ.

ಆದ್ದರಿಂದ ಹಿಂದಿನ ರಾತ್ರಿಯೇ ಕೆಲಸ ಶುರು ಮಾಡಿ. ತುಂಡನ್ನು ಟಿಶ್ಯೂ ಕಾಗದದಿಂದ ಒತ್ತಿ ಒತ್ತಿ ಒರೆಸಿ. ಒಂದು ಚಿಕ್ಕ ಚಮಚ ಉಪ್ಪನ್ನು ಎರಡೂ ಕಡೆ, ಅಂಚಿಗೂ ಉದುರಿಸಿ. ಜಾಲರಿಯ ಮೇಲೆ ಇಟ್ಟು, ಕೆಳಗೊಂದು ತಟ್ಟೆ ಕೊಟ್ಟು, ಮುಚ್ಚದೆ ಫ್ರಿಜ್‌ನಲ್ಲಿಡಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಮೇಲೆ ಸಣ್ಣ ಸಣ್ಣ ನೀರಿನ ಹನಿ ಕಾಣಿಸುತ್ತವೆ. ಗಾಬರಿ ಬೇಡ. ಉಪ್ಪು ಆ ನೀರಿನಲ್ಲಿ ಕರಗಿ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಬೆಳಗ್ಗೆ ಮುಟ್ಟಿ ನೋಡಿ. ಬಣ್ಣ ಗಾಢವಾಗಿರುತ್ತದೆ, ಮೇಲ್ಮೈ ಒಣಗಿದ ಚರ್ಮದ ಹಾಗಿರುತ್ತದೆ. ನಮಗೆ ಬೇಕಾದದ್ದು ಅದೇ. ಅಷ್ಟು ಹೊತ್ತಿಲ್ಲ ಅಂದರೆ ಕನಿಷ್ಠ 40 ನಿಮಿಷ ಮುಂಚೆ ಉಪ್ಪು ಹಾಕಿ. ಅದೂ ಆಗದಿದ್ದರೆ ಬಾಣಲೆಗೆ ಹಾಕುವ ಕ್ಷಣದಲ್ಲಿ ಹಾಕಿ. ಹತ್ತು ಹದಿನೈದು ನಿಮಿಷ ಮುಂಚೆ ಮಾತ್ರ ಬೇಡ. ಆಗ ನೀರೆಲ್ಲ ಹೊರಗೆ ಬಂದು ನಿಂತಿರುತ್ತದೆ.

ಇನ್ನು ಊಟದ ದಿನ. ಓವನ್ 120 ಡಿಗ್ರಿಗೆ ಇಡಿ. ಜಾಲರಿಯ ಸಮೇತ ತುಂಡನ್ನು ಒಳಗಿಡಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಡಿಯಾರ ನೋಡಬೇಡಿ, ಅಡುಗೆ ಥರ್ಮಾಮೀಟರ್ ನೋಡಿ. ಬೆರಳಿನಿಂದ ಒತ್ತಿ ಹದ ಹೇಳುವವರಿದ್ದಾರೆ. ಹದಿನಾರು ವರ್ಷ ಇದೇ ಕೆಲಸ ಮಾಡಿಯೂ ನಾನು ಅದನ್ನು ನಂಬೋದಿಲ್ಲ. ಥರ್ಮಾಮೀಟರಿನ ಮೊನೆಯನ್ನು ತುಂಡಿನ ಪಕ್ಕದಿಂದ ಸರಿಯಾಗಿ ನಡುಭಾಗಕ್ಕೆ ಚುಚ್ಚಿ. 48 ಡಿಗ್ರಿ ತೋರಿಸಿದರೆ ಹೊರಗೆ ತೆಗೆಯಿರಿ.

ಆ ಮುಕ್ಕಾಲು ಗಂಟೆ ನಿಮ್ಮದು. ಬಟ್ಟೆ ಬದಲಿಸಿ. ಟೇಬಲ್ ಹಾಕಿ. ಹೆಂಡತಿಯ ಜೊತೆ ಕೂತು ಮಾತಾಡಿ. ಹೊರಗೆ ತೆಗೆದ ಮೇಲೂ ಹತ್ತು ನಿಮಿಷ ಹಾಗೇ ಬಿಟ್ಟರೆ ಏನೂ ಕೆಡೋದಿಲ್ಲ. ಸಣ್ಣ ಬಿಸಿಯಲ್ಲಿ ಬೆಂದಿರುವುದರಿಂದ ಅಂಚಿಗೂ ನಡುವಿಗೂ ಬಿಸಿಯಲ್ಲಿ ಹೆಚ್ಚು ವ್ಯತ್ಯಾಸ ಇರೋದಿಲ್ಲ, ಒಳಗೆ ಒಂದೇ ಸಮನಾದ ಗುಲಾಬಿ ಬಣ್ಣ ಸಿಗುತ್ತದೆ.

ಕೊನೆಗೆ ಬಾಣಲೆ. ಎರಕದ ಕಬ್ಬಿಣದ್ದು, ಭಾರವಾದದ್ದು ಇದ್ದರೆ ಒಳ್ಳೆಯದು. ಕಿಟಕಿ ತೆಗೆದಿಡಿ. ಬಾಣಲೆಯನ್ನು ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ಒಂದು ಚಮಚ ರಿಫೈನ್ಡ್ ಎಣ್ಣೆ ಹಾಕಿ. ಶುರುವಿನಲ್ಲೇ ಬೆಣ್ಣೆ ಬೇಡ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಅಷ್ಟು ಬಿಸಿಗೆ ಸೀದುಹೋಗುತ್ತದೆ. ನಿಮ್ಮ ಮನೆ ತುಂಬಿದ ಹೊಗೆಯಲ್ಲಿ ಅದರ ಪಾಲು ದೊಡ್ಡದು. ತುಂಡು ಇಟ್ಟ ಕೂಡಲೇ ಚುರ್ ಅಂತ ಜೋರು ಸದ್ದು ಬರಬೇಕು. ಸದ್ದಿಲ್ಲದಿದ್ದರೆ ತಕ್ಷಣ ಎತ್ತಿ, ಬಾಣಲೆಯನ್ನು ಇನ್ನೂ ಕಾಯಿಸಿ. ಒಂದೊಂದು ಕಡೆ ಒಂದು ನಿಮಿಷದ ಹತ್ತಿರ. ಇಕ್ಕಳದಲ್ಲಿ ನಿಲ್ಲಿಸಿ ಹಿಡಿದು ಕೊಬ್ಬಿನ ಅಂಚನ್ನೂ ಹುರಿಯಿರಿ.

ಈಗ ಉರಿ ತಗ್ಗಿಸಿ. 30 ಗ್ರಾಂ ಬೆಣ್ಣೆ, ಸಿಪ್ಪೆ ಸಮೇತ ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ, ಇದ್ದರೆ ಎರಡು ಕಡ್ಡಿ ಥೈಮ್ ಅನ್ನುವ ಘಮದ ಸೊಪ್ಪು ಹಾಕಿ. ಬೆಣ್ಣೆ ಮೊದಲು ಬುಸಬುಸನೆ ನೊರೆ ಏಳುತ್ತದೆ. ಅದರಲ್ಲಿರುವ ನೀರು ಆರುತ್ತಾ ಬಂದ ಹಾಗೆ ಸದ್ದು ಸಣ್ಣಗಾಗುತ್ತದೆ, ನೊರೆ ತಗ್ಗುತ್ತದೆ, ಅಡಿಯಲ್ಲಿ ಹೊಂಬಣ್ಣ ಕಾಣಿಸುತ್ತದೆ. ಹುರಿದ ಬಾದಾಮಿಯ ಹಾಗೆ ವಾಸನೆ ಬಂತು ಅಂದರೆ ಅದೇ ಸಮಯ. ಬಾಣಲೆಯನ್ನು ನಿಮ್ಮ ಕಡೆಗೆ ಸ್ವಲ್ಪ ಓರೆ ಮಾಡಿ. ಕೆಳಗೆ ಬಂದು ನಿಂತ ಬೆಣ್ಣೆಯನ್ನು ಚಮಚದಲ್ಲಿ ಎತ್ತಿ ಎತ್ತಿ ಮಾಂಸದ ಮೇಲೆ ಸುರಿಯಿರಿ. ಹತ್ತು ಹನ್ನೆರಡು ಸಲ, ಬೇಗ ಬೇಗ. ಬೆಳ್ಳುಳ್ಳಿಯನ್ನು ಮಾಂಸದ ಮೇಲೆ ಎತ್ತಿಟ್ಟರೆ ಅದು ಸೀಯೋದಿಲ್ಲ, ಸುರಿದ ಬೆಣ್ಣೆಗೆಲ್ಲ ಅದರ ಘಮ ಹತ್ತುತ್ತದೆ.

ಒಳಗೆ 52 ಡಿಗ್ರಿ ಆದರೆ ಇಳಿಸಿ. ಐದು ನಿಮಿಷ ಹಲಗೆಯ ಮೇಲೆ ಬಿಡಿ. ಬಿಸಿ ತಾನಾಗಿಯೇ ಇನ್ನೂ ಎರಡು ಮೂರು ಡಿಗ್ರಿ ಏರಿ ಮೀಡಿಯಂ ರೇರ್ ಹದಕ್ಕೆ, ಅಂದರೆ ಒಳಗೆ ಗುಲಾಬಿಯಾಗಿ ಅರೆಬೆಂದ ಹದಕ್ಕೆ ಬರುತ್ತದೆ. ಮಾಂಸದ ಎಳೆ ಯಾವ ದಿಕ್ಕಿಗೆ ಓಡುತ್ತಿದೆ ನೋಡಿ, ಅದಕ್ಕೆ ಅಡ್ಡಲಾಗಿ ಬೆರಳು ದಪ್ಪಕ್ಕೆ ಕತ್ತರಿಸಿ. ಕಾಳುಮೆಣಸನ್ನು ಆಗ ಪುಡಿ ಮಾಡಿ ಉದುರಿಸಿ. ಮುಂಚೆಯೇ ಹಾಕಿದರೆ ಜೋರು ಉರಿಗೆ ಸೀದು ಕಹಿಯಾಗುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಓವನ್ ಇಲ್ಲ. ಬಾಣಲೆಯಲ್ಲಷ್ಟೇ ಮಾಡಿದರೆ ಆಗೋದಿಲ್ವಾ? ಒಂದೇ ಸಲ ತಿರುಗಿಸಬೇಕು ಅಂತಾರೆ, ನಿಜವಾ?

ಉತ್ತರ: ಖಂಡಿತ ಆಗುತ್ತದೆ. ತುಂಡು ಮಾತ್ರ ಸ್ವಲ್ಪ ತೆಳುವಿರಲಿ, 3 ಸೆಂ.ಮೀ. ಸಾಕು. ಒಂದೇ ಸಲ ತಿರುಗಿಸಬೇಕು ಅನ್ನೋದನ್ನು ಬಿಟ್ಟುಬಿಡಿ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ತಿರುಗಿಸುತ್ತಾ ಇರಿ. ಹೀಗೆ ಮಾಡಿದರೆ ಒಂದು ಕಡೆ ಬಿಸಿ ತಗಲುವಾಗ ಇನ್ನೊಂದು ಕಡೆ ಸ್ವಲ್ಪ ಆರುತ್ತದೆ. ಅಂಚಿನಲ್ಲಿ ಬೂದುಬಣ್ಣದ ಪಟ್ಟಿ ದಪ್ಪವಾಗೋದಿಲ್ಲ, ಒಟ್ಟಿನಲ್ಲಿ ಬೇಗವೂ ಬೇಯುತ್ತದೆ. ಮೊದಲ ಎರಡು ಮೂರು ನಿಮಿಷ ಜೋರು ಉರಿ, ಆಮೇಲೆ ಮಧ್ಯಮ, ಕೊನೆಯಲ್ಲಿ ಬೆಣ್ಣೆ. ಇಳಿಸಿ ಎಂಟು ನಿಮಿಷ ಬಿಡಿ. ಈ ವಿಧಾನದಲ್ಲಿ ಬಿಡೋದು ಮುಖ್ಯ, ಯಾಕೆಂದರೆ ಹೊರಗಿನ ಬಿಸಿ ಒಳಗೆ ಹರಡೋದಕ್ಕೆ ಹೊತ್ತು ಬೇಕು.

ಪ್ರಶ್ನೆ: ಜೋರು ಉರಿಯಲ್ಲಿ ಹುರಿದರೆ ಹೊರಗೆ ಪದರ ಕಟ್ಟಿಕೊಂಡು ರಸ ಒಳಗೇ ಉಳಿಯುತ್ತೆ ಅಂತ ನಮ್ಮ ಮಾವ ಹೇಳ್ತಾರೆ. ಹಾಗಾದರೆ ಮೊದಲೇ ಹುರಿಯಬೇಕಲ್ವಾ?

ಉತ್ತರ: ನಿಮ್ಮ ಮಾವ ಹೇಳೋದು ಬಹಳ ಹಳೆಯ ನಂಬಿಕೆ. ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ 19ನೇ ಶತಮಾನದಲ್ಲಿ ಹೀಗೇ ಹೇಳಿದ್ದ, ಅಡುಗೆಯವರೆಲ್ಲ ನಂಬಿದರು. ಆದರೆ ತೂಗಿ ನೋಡಿದರೆ ಅದು ನಿಲ್ಲೋದಿಲ್ಲ. ಹುರಿದ ಮಾಂಸ ಹುರಿಯದ್ದರಷ್ಟೇ ರಸ ಕಳೆದುಕೊಳ್ಳುತ್ತದೆ. ಬಾಣಲೆಯ ಚುರ್ ಸದ್ದನ್ನೇ ಕೇಳಿ, ಅದು ಒಳಗಿನ ನೀರು ಆವಿಯಾಗಿ ಹೋಗುವ ಸದ್ದು. ಪದರ ಮುಚ್ಚಿದ್ದರೆ ಆ ಸದ್ದು ನಿಲ್ಲಬೇಕಿತ್ತಲ್ಲ? ಹುರಿಯೋದು ರುಚಿಗೆ. ರಸ ಉಳಿಯೋದು ಒಳಗಿನ ಬಿಸಿಯನ್ನು ಮಿತಿಯಲ್ಲಿ ಇಟ್ಟರೆ ಮಾತ್ರ. 60 ಡಿಗ್ರಿ ದಾಟುತ್ತಾ ಹೋದ ಹಾಗೆ ಮಾಂಸದ ಎಳೆಗಳು ಬಿಗಿದುಕೊಂಡು ನೀರನ್ನು ಹಿಂಡಿ ಹಾಕುತ್ತವೆ.

ಪ್ರಶ್ನೆ: ಕತ್ತರಿಸಿದಾಗ ಕೆಂಪು ನೀರು ಬರುತ್ತೆ. ರಕ್ತ ಅಂತ ನನ್ನ ಗಂಡ ಮುಟ್ಟೋದೇ ಇಲ್ಲ, ಪೂರ್ತಿ ಬೇಯಲೇಬೇಕು ಅಂತಾರೆ. ನನಗೆ ಒಳಗೆ ಗುಲಾಬಿಯಾಗಿದ್ದರೇ ಇಷ್ಟ. ಒಂದೇ ತುಂಡಿನಲ್ಲಿ ಇಬ್ಬರಿಗೂ ಹೇಗೆ ಮಾಡಲಿ? ಅರೆಬೆಂದದ್ದು ತಿನ್ನೋದು ಸುರಕ್ಷಿತವಾ?

ಉತ್ತರ: ಅದು ರಕ್ತ ಅಲ್ಲ. ಮಾಂಸಖಂಡದಲ್ಲಿ ಆಮ್ಲಜನಕ ಹಿಡಿದಿಡುವ ಮಯೊಗ್ಲೋಬಿನ್ ಅನ್ನುವ ಪ್ರೋಟೀನ್ ಇರುತ್ತದೆ. ಕೆಂಪು ಬಣ್ಣ ಅದರದ್ದು, ನೀರಿನ ಜೊತೆ ಹೊರಗೆ ಬರುತ್ತದೆ. ಹಾಗಂತ ವಾದ ಮಾಡಿ ಅವರ ತಟ್ಟೆಗೆ ಬಡಿಸಬೇಡಿ. ಪೂರ್ತಿ ಬೆಂದದ್ದು ಇಷ್ಟಪಡುವವರನ್ನು ಕೆಲವು ಅಡುಗೆಯವರು ಕೀಳಾಗಿ ನೋಡುತ್ತಾರೆ. ನನಗೆ ಅದು ಸ್ವಲ್ಪವೂ ಹಿಡಿಸೋದಿಲ್ಲ. ತಿನ್ನುವವರು ಅವರು, ಹದ ಅವರ ಇಷ್ಟ.

ಹೀಗೆ ಮಾಡಿ. ತುಂಡು ಓವನ್‌ನಲ್ಲಿ 48 ಡಿಗ್ರಿ ಮುಟ್ಟಿದಾಗ ಹೊರಗೆ ತೆಗೆದು ಎರಡು ಭಾಗ ಮಾಡಿ. ನಿಮ್ಮ ಅರ್ಧವನ್ನು ಹೊರಗೆ ಬಿಟ್ಟು, ಅವರ ಅರ್ಧವನ್ನು ಮತ್ತೆ ಓವನ್‌ಗೆ ಕಳಿಸಿ. ಅದು 66 ಡಿಗ್ರಿ ಆದ ಮೇಲೆ ಎರಡನ್ನೂ ಒಟ್ಟಿಗೆ ಬಾಣಲೆಗೆ ಹಾಕಿ ಹುರಿಯಿರಿ. ಅವರದ್ದು 70ರ ಹತ್ತಿರ ಹೋಗುತ್ತದೆ, ನಿಮ್ಮದು ಗುಲಾಬಿಯಾಗಿಯೇ ಇರುತ್ತದೆ. ಅವರ ತಟ್ಟೆಗೆ ಬೆಣ್ಣೆ ಸ್ವಲ್ಪ ಜಾಸ್ತಿ ಸುರಿಯಿರಿ. ಒಟ್ಟಿಗೆ ಇಳಿಯುತ್ತದೆ, ಒಟ್ಟಿಗೆ ಕೂರಬಹುದು.

ಸುರಕ್ಷತೆಯ ಮಾತು ಮುಖ್ಯ. ಇಡೀ ತುಂಡಿನಲ್ಲಿ ಸೂಕ್ಷ್ಮಾಣುಗಳು ಹೆಚ್ಚಾಗಿ ಮೇಲ್ಮೈಯಲ್ಲಿರುತ್ತವೆ, ಚೆನ್ನಾಗಿ ಹುರಿದಾಗ ಸಾಯುತ್ತವೆ. ಹಾಗಂತ ಅಪಾಯ ಪೂರ್ತಿ ಇಲ್ಲ ಅಂತಲ್ಲ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಬೀಫ್‌ಗೆ ಹೇಳೋದು 63 ಡಿಗ್ರಿ, ಆಮೇಲೆ 3 ನಿಮಿಷ ಹಾಗೇ ಬಿಡಬೇಕು. ಮೀಡಿಯಂ ರೇರ್ ಅದಕ್ಕಿಂತ ಕಮ್ಮಿ. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು, ಕಾಯಿಲೆಯಿಂದ ಶಕ್ತಿ ಕುಂದಿದವರು 63ಕ್ಕಿಂತ ಕೆಳಗಿನದನ್ನು ತಿನ್ನಬಾರದು. ಕೊಚ್ಚಿದ ಮಾಂಸದ ಮಾತೇ ಬೇರೆ. ಅಲ್ಲಿ ಹೊರಗಿನದೆಲ್ಲ ಒಳಗೆ ಸೇರಿರುತ್ತದೆ, 71 ಡಿಗ್ರಿ ಆಗಲೇಬೇಕು. ಸೂಜಿ ಚುಚ್ಚಿ ಮೆತ್ತಗೆ ಮಾಡಿದ ತುಂಡುಗಳಿಗೂ ಇದೇ ತೊಂದರೆ, ಅರೆಬೇಯಿಸಬೇಡಿ. ಹಸಿ ಮಾಂಸ ಇಟ್ಟ ಹಲಗೆಯ ಮೇಲೆ ಬೆಂದದ್ದನ್ನು ಇಡಬೇಡಿ.

ಪ್ರಶ್ನೆ: ಸ್ಟೀಕ್ ಜೊತೆಗೆ ಏನು ಮಾಡಲಿ? ಸೂಪ್, ಎರಡು ಪಲ್ಯ, ಆಲೂಗಡ್ಡೆ, ಸಾಸ್, ಕೇಕ್ ಅಂತ ಪಟ್ಟಿ ಮಾಡಿಟ್ಟಿದ್ದೀನಿ.

ಉತ್ತರ: ಆ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ. ಇಬ್ಬರ ಊಟಕ್ಕೆ ಒಂದು ಆಲೂಗಡ್ಡೆ, ಒಂದು ಹಸಿರು, ಒಂದು ಸಿಹಿ ಸಾಕು. ಸಿಹಿ ಬೆಳಗ್ಗೆಯೇ ಮಾಡಿ ಫ್ರಿಜ್‌ನಲ್ಲಿಡಿ. ಆಲೂಗಡ್ಡೆ ಬೇಯಿಸಿ, ಹಿಸುಕಿ, ಬೆಣ್ಣೆ ಮತ್ತು ಬಿಸಿ ಹಾಲು ಸೇರಿಸಿ ಮುಚ್ಚಿಡಿ. ಬಿಸಿನೀರಿನ ಪಾತ್ರೆಯ ಮೇಲಿಟ್ಟರೆ ಒಂದು ಗಂಟೆ ಬಿಸಿಯಾಗಿರುತ್ತದೆ. ಹಸಿರಿಗೆ ಎಲೆಗಳ ಸಲಾಡ್, ನಿಂಬೆರಸ ಕೊನೆಯ ನಿಮಿಷಕ್ಕೆ. ಓವನ್ ಆರಿಸಿದ ಮೇಲೆ ಊಟದ ತಟ್ಟೆಗಳನ್ನು ಅದರೊಳಗೆ ಇಡೋದು ಮರೆಯಬೇಡಿ. ತಣ್ಣನೆಯ ತಟ್ಟೆ ಬಿಸಿ ಮಾಂಸವನ್ನು ಎರಡೇ ನಿಮಿಷದಲ್ಲಿ ಆರಿಸಿಬಿಡುತ್ತದೆ.

ಸಾಸ್‌ಗೆ ಬೇರೆ ಪಾತ್ರೆ ಬೇಡ. ಮಾಂಸ ಹಲಗೆಯ ಮೇಲಿರುವ ಐದು ನಿಮಿಷದಲ್ಲಿ ಅದೇ ಬಾಣಲೆಯಲ್ಲಿ ಆಗುತ್ತದೆ. ಜಿಡ್ಡು ಚೆಲ್ಲಿ ಒಂದು ಚಮಚದಷ್ಟು ಉಳಿಸಿ. ಸಣ್ಣಗೆ ಹೆಚ್ಚಿದ ಈರುಳ್ಳಿ ಬಾಡಿಸಿ, ಅರ್ಧ ಲೋಟ ಉಪ್ಪಿಲ್ಲದ ಸ್ಟಾಕ್ (ಮೂಳೆ, ತರಕಾರಿ ಕುದಿಸಿ ಸೋಸಿದ ನೀರು) ಹಾಕಿ, ತಳಕ್ಕೆ ಅಂಟಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಕರಗಿಸಿ. ಅರ್ಧಕ್ಕೆ ಇಂಗಿದ ಮೇಲೆ ಇಳಿಸಿ, ತಣ್ಣನೆಯ ಬೆಣ್ಣೆಯ ಒಂದು ತುಂಡು ಹಾಕಿ ಕದಡಿ. ಗಟ್ಟಿಯಾಗಿ ಹೊಳಪು ಬರುತ್ತದೆ. ತಳ ಕಪ್ಪಗೆ ಸೀದಿದ್ದರೆ ಮಾತ್ರ ಸಾಸ್ ಆಸೆ ಬಿಡಿ, ಕಹಿ ಹೋಗೋದಿಲ್ಲ.

ಪ್ರಶ್ನೆ: ಅಕ್ಕಾ, ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಪ್ಪನಿಗೆ 78. ಸ್ಟೀಕ್ ಅಂದರೆ ಪ್ರಾಣ. ಈಗ ಹಲ್ಲು ಸರಿಯಿಲ್ಲ, ಕೈ ನಡುಗುತ್ತೆ, ಚಾಕು ಹಿಡಿಯೋದು ಕಷ್ಟ. ಕೇಳಿದರೆ "ನನಗೆ ಈಗ ಅದು ಇಷ್ಟ ಇಲ್ಲ" ಅಂತಾರೆ. ಸುಳ್ಳು ಅಂತ ನನಗೆ ಗೊತ್ತು. ಏನಾದರೂ ದಾರಿ ಇದೆಯಾ?

ಉತ್ತರ: ಇದೆ ಕಣಮ್ಮಾ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ನಿಮಗೆ ಟೆಂಡರ್‌ಲಾಯ್ನ್ ಸರಿ. ಪ್ರಾಣಿ ನಡೆಯುವಾಗ ಆ ಭಾಗಕ್ಕೆ ಕೆಲಸವೇ ಕಮ್ಮಿ, ಹಾಗಾಗಿ ಎಲ್ಲಕ್ಕಿಂತ ಮೆತ್ತಗಿರುತ್ತದೆ. 350 ಗ್ರಾಂ ಇಬ್ಬರಿಗೂ ಸಾಕು, ವಯಸ್ಸಾದವರು ಹೆಚ್ಚು ತಿನ್ನೋದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಓವನ್‌ನಲ್ಲಿಡಿ, ಆದರೆ ಅಪ್ಪನ ವಯಸ್ಸಿಗೆ 63 ಡಿಗ್ರಿ ಬೇಕು. 58ಕ್ಕೆ ಓವನ್‌ನಿಂದ ತೆಗೆದು, ಬಾಣಲೆಯಲ್ಲಿ 63 ಮುಟ್ಟಿಸಿ, ಐದು ನಿಮಿಷ ಬಿಡಿ. ಕಂದು ಪದರ ತೆಳುವಾಗಿರಲಿ, ಗಟ್ಟಿ ಅಂಚು ಅವರಿಗೆ ಅಗಿಯೋದಕ್ಕೆ ಕಷ್ಟ. ಉರಿ ಸ್ವಲ್ಪ ತಗ್ಗಿಸಿ, ಬೆಣ್ಣೆ ಜಾಸ್ತಿ ಸುರಿಯಿರಿ.

ಕತ್ತರಿಸೋದರಲ್ಲೇ ಇರೋದು ಇದರ ಗುಟ್ಟು. ಚೆನ್ನಾಗಿ ಮಸೆದ ಚಾಕು ತೆಗೆದುಕೊಳ್ಳಿ. ಎಳೆಗೆ ಸರಿಯಾಗಿ ಅಡ್ಡಲಾಗಿ, 3 ಮಿಲಿಮೀಟರ್‌ಗಿಂತ ದಪ್ಪ ಇಲ್ಲದ ಹಾಗೆ ಹೋಳು ಮಾಡಿ. ಎಳೆ ಎಷ್ಟು ಗಿಡ್ಡವಾಗುತ್ತದೋ ಹಲ್ಲಿಗೆ ಅಷ್ಟು ಕೆಲಸ ಕಮ್ಮಿ. ಆಮೇಲೆ ಆ ಹೋಳುಗಳನ್ನು ಫೋರ್ಕಿನಲ್ಲಿ ಎತ್ತುವಷ್ಟು ಚಿಕ್ಕದಾಗಿ ಇನ್ನೊಮ್ಮೆ ಕತ್ತರಿಸಿ. ನುಂಗಲು ಅವರಿಗೆ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರ್‌ನ ಕೇಳಿ.

ನಿಮ್ಮ ತಟ್ಟೆಗೂ ಹಾಗೇ ಕತ್ತರಿಸಿ ಹಾಕಿಕೊಳ್ಳಿ. ಇದನ್ನು ಮಾತ್ರ ಬಿಡಬೇಡಿ. ಹೋಟೆಲಿನಲ್ಲೂ ದೊಡ್ಡ ಸ್ಟೀಕ್ ಕತ್ತರಿಸಿಯೇ ಬಡಿಸುತ್ತೇವೆ, ನಾನು ಸಾವಿರಾರು ತಟ್ಟೆ ಹಾಗೆ ಕಳಿಸಿದ್ದೇನೆ. ಅಡುಗೆಮನೆಯಲ್ಲೇ ಕತ್ತರಿಸಿ, ಎರಡು ತಟ್ಟೆಯಲ್ಲೂ ಒಂದೇ ಥರ ಜೋಡಿಸಿ ತನ್ನಿ. ಟೇಬಲ್ ಮೇಲೆ ಚಾಕು ಇಡಲೇಬೇಡಿ, ನಿಮಗೂ ಬೇಡ. ಸಾಸ್ ಸ್ವಲ್ಪ ತೆಳ್ಳಗೆ ಮಾಡಿ, ಹಿಡಿ ದೊಡ್ಡದಿರುವ ಬಟ್ಟಲಿನಲ್ಲಿ ಅರ್ಧ ಮಾತ್ರ ತುಂಬಿ ಅಪ್ಪನ ಬಲಗೈ ಕಡೆ ಇಡಿ. ಎಷ್ಟು ಬೇಕೋ ಅವರೇ ಹಾಕಿಕೊಳ್ಳಲಿ. ಚೆಲ್ಲಿದರೆ ಚೆಲ್ಲಲಿ.